ತೂಕಕ್ಕೆ ನಿಂತ ಹುಡುಗರು

ಬೈಲಹೊಂಗಲದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ದುಡಿದು ನಾನು ನಿವೃತ್ತನಾದೆ. ಈ ಹುದ್ದೆಗೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು ಕೂರುತ್ತಾರೆ. ಮೈದಾನಕ್ಕೆ ಅನುದಾನ ತರುವುದು ಹೇಗೆ, ತಂಡ ಒಯ್ಯುವ ದಿನವೇ ಕಿರುಪರೀಕ್ಷೆ ಇಡುವ ಸಹೋದ್ಯೋಗಿಗಳನ್ನು ಒಲಿಸುವುದು ಹೇಗೆ ಎಂದೆಲ್ಲ ಕೇಳುತ್ತಾರೆ. ಚಹಾ ಮುಗಿಯುವ ಹೊತ್ತಿಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ. ಒಳ್ಳೆಯ ಆಟಗಾರನೊಬ್ಬ ಪದವಿ ಮುಗಿಸದೆ ವೃತ್ತಿಪರ ತಂಡಕ್ಕೆ ಹೊರಟು ನಿಂತರೆ ತಡೆಯಬೇಕೋ, ಕಳಿಸಬೇಕೋ?

ಒಂದು ಸಾಲಿನ ಉತ್ತರ ನನ್ನ ಬಳಿ ಇಲ್ಲ. ನಾನು ಕಂಡದ್ದನ್ನು ಹೇಳಬಲ್ಲೆ. ಅದರಲ್ಲಿ ಒಂದು ಮಧ್ಯಾಹ್ನದ ಸಂಗತಿ ಇನ್ನೂ ನನ್ನ ಕಣ್ಣ ಮುಂದೆ ನಡೆಯುತ್ತಲೇ ಇರುತ್ತದೆ. ಅಲ್ಲಿಗೆ ಬರುವ ಮೊದಲು ಈ ಕೆಲಸ ಹೇಗಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು.

ಜನ ನಮ್ಮನ್ನು ಸೀಟಿ ಊದುವವರು ಎಂದುಕೊಂಡಿದ್ದಾರೆ. ಸ್ವಾತಂತ್ರ್ಯ ದಿನಕ್ಕೆ ಹುಡುಗರನ್ನು ಸಾಲಾಗಿ ನಿಲ್ಲಿಸುವುದು, ಸ್ನೇಹ ಸಮ್ಮೇಳನದಲ್ಲಿ ಗದ್ದಲ ಅಡಗಿಸುವುದು, ಯಾರಾದರೂ ತಲೆ ತಿರುಗಿ ಬಿದ್ದರೆ ಎತ್ತಿಕೊಂಡು ಓಡುವುದು. ಇವೆಲ್ಲ ನಿಜವೇ. ಆದರೆ ನಮ್ಮ ನಿಜವಾದ ಕೆಲಸ ಒಂದು ದೇಹವನ್ನು ಅದರ ಒಡೆಯನಿಗಿಂತ ಮೊದಲು ಗುರುತಿಸುವುದು. ತಾನು ಎಷ್ಟು ಎತ್ತರಕ್ಕೆ ಜಿಗಿಯಬಲ್ಲೆ ಎಂಬುದು ಹದಿನೆಂಟರ ಹುಡುಗನಿಗೆ ತಿಳಿದಿರುವುದಿಲ್ಲ. ಹಾಗೆ ಗುರುತಿಸಿದ ಮೇಲೆ ಒಂದು ದಿನ ಅವನನ್ನು ಕಳೆದುಕೊಳ್ಳಲೂ ನಾವು ಸಿದ್ಧರಿರಬೇಕು.

ನಾನು ಮೊದಲು ಕಳೆದುಕೊಂಡದ್ದು ಶಂಕರಗೌಡನನ್ನು. ಕಿತ್ತೂರ ಕಡೆಯ ಹುಡುಗ, ಬಿ.ಕಾಂ. ಮೊದಲ ವರ್ಷ, ಕುಸ್ತಿಪಟು. ನಾನು ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಕೊಲ್ಲಾಪುರದ ಕಡೆಯ ತಾಲೀಮು ಗರಡಿಯಿಂದ ಒಬ್ಬ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು, ಅವನನ್ನು ಕೇಳಿಕೊಂಡು ಕಾಲೇಜಿಗೇ ಬಂದರು. ಅವನು ಅಲ್ಲೇ ಉಳಿದು, ಉಂಡು, ಮೈದಾನದಿಂದ ಮೈದಾನಕ್ಕೆ ಹೋಗಿ ಕುಸ್ತಿ ಆಡಬೇಕು. ಅದೇ ಅವನ ಜೀವನೋಪಾಯ. ನಾನು ಹೆದರಿ ಅವರನ್ನು ಪ್ರಾಂಶುಪಾಲರ ಕೋಣೆಗೆ ಕರೆದೊಯ್ದೆ. ನಮ್ಮ ಪ್ರಾಂಶುಪಾಲರು ಭೌತಶಾಸ್ತ್ರದವರು, ನಗುವುದು ಅಪರೂಪ.

"ಪರೀಕ್ಷಾ ಮುಗಿಸಿ ಹೋಗಲಿ" ಎಂದರು ಅವರು.

ವಸ್ತಾದರು ಕುರ್ಚಿಯಿಂದ ಎದ್ದು ಶಂಕರಗೌಡನ ಕುತ್ತಿಗೆಯ ಹಿಂದೆ ಅಂಗೈ ಇಟ್ಟರು. "ಸಾಹೇಬ್ರ, ಪರೀಕ್ಷಾ ವರ್ಷಾ ಬರತೈತಿ. ಇಂಥಾ ಕುತಿಗಿ ಒಮ್ಮೆ ಬರತೈತಿ."

ಪ್ರಾಂಶುಪಾಲರು ಸ್ವಲ್ಪ ಹೊತ್ತು ಆ ಕುತ್ತಿಗೆಯನ್ನೇ ನೋಡಿದರು. ಪ್ರಯೋಗಾಲಯದಲ್ಲಿ ಯಾವುದೋ ಉಪಕರಣವನ್ನು ಪರಿಶೀಲಿಸುವಂತೆ ನೋಡಿ, "ಗೌಡ್ರ, ತಿರಿಗಿ ಬಂದ್ರ ಸೀಟ್ ಕೊಡತೇನಿ. ಬರಲಿಲ್ಲಂದ್ರ ನಿಮ್ಮ ಕುಸ್ತಿಗೆ ನಮ್ಮನ್ನ ಕರೀರಿ" ಎಂದರು. ಮುಂದೆ ನಾವಿಬ್ಬರೂ ಬಸ್ಸಿನಲ್ಲಿ ಹೋಗಿ ಅವನ ಕುಸ್ತಿ ನೋಡಿಬಂದೆವು. ಅವನು ಎದುರಾಳಿಯ ಬೆನ್ನನ್ನು ಕೆಂಪು ಮಣ್ಣಿಗೆ ತಾಗಿಸಿದಾಗ ಪ್ರಾಂಶುಪಾಲರು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಮೇಲಧಿಕಾರಿಗಳ ಬಗ್ಗೆ ಹೊಸಬರು ಬಹಳ ದೂರುತ್ತಾರೆ. ನನಗೆ ಇಂಥವರೂ ಸಿಕ್ಕಿದ್ದರು.

ಆಮೇಲೆ ಕಾಲ ಬದಲಾಯಿತು. ಕುಸ್ತಿಗಿಂತ ಕಬಡ್ಡಿಗೆ ಬೇಡಿಕೆ ಬಂತು. ನಾವು ಮೈದಾನದ ಹೆಂಟೆ ಒಡೆದು, ಹರಳು ಆರಿಸಿ, ಸಂಜೆ ನೀರು ಹೊಡೆದು ಅಂಕಣ ಸಿದ್ಧ ಮಾಡುತ್ತಿದ್ದವರು. ಈಗ ಮ್ಯಾಟ್ ಬಂತು, ಮ್ಯಾಟಿನ ಬೂಟು ಬಂತು. ಮಣ್ಣಿನಲ್ಲಿ ಜಾರಿ ತಪ್ಪಿಸಿಕೊಳ್ಳುತ್ತಿದ್ದ ಹುಡುಗರು ಮ್ಯಾಟಿನ ಮೇಲೆ ಕಾಲು ಕಚ್ಚಿ ನಿಂತು ಮೊಣಕಾಲು ನೋಯಿಸಿಕೊಂಡರು. ಕಲಿಸುವ ನಾನೇ ಮತ್ತೆ ಕಲಿಯಬೇಕಾಯಿತು.

ಆಯ್ಕೆಯ ರೀತಿಯೂ ಬದಲಾಯಿತು. ಮೊದಲು ಆಯ್ಕೆದಾರರು ಬೇವಿನ ಮರದ ಕೆಳಗೆ ಕುಳಿತು ಇಡೀ ದಿನ ನೋಡುತ್ತಿದ್ದರು. ಈಗ ಫೋನಿನಲ್ಲಿ ವಿಡಿಯೋ ಕಳಿಸಿ ಎನ್ನುತ್ತಾರೆ. ನಾನು ಕಳಿಸಿದ ಮೊದಲ ವಿಡಿಯೋದಲ್ಲಿ ಫೋನು ಉದ್ದಕ್ಕೆ ಹಿಡಿದಿದ್ದರಿಂದ ಅಂಕಣದ ಎರಡೂ ಮೂಲೆಗಳು ಕತ್ತರಿಸಿ ಹೋಗಿದ್ದವು. ಕೆಂಪು ಚಡ್ಡಿಯ ಹುಡುಗನನ್ನು ಕಳಿಸಿ ಎಂದು ಉತ್ತರ ಬಂತು. ಕೆಂಪು ಚಡ್ಡಿಯವರು ಇಬ್ಬರಿದ್ದರು. ಚೆನ್ನಾಗಿ ಆಡಿದವನು ಚಿತ್ರದ ಹೊರಗೆ ಉಳಿದಿದ್ದ, ಸುಮ್ಮನೆ ನಿಂತವನು ಆಯ್ಕೆಗೆ ಹೋಗಿ ಎರಡನೇ ದಿನ ಮರಳಿದ. "ಸರ, ಊಟ ಚಲೋ ಇತ್ತು" ಎಂದ.

ಇನ್ನು ತೂಕದ ವಿಷಯ. ಹೊರಗಿನವರಿಗೆ ತಿಳಿಯದ್ದು ಇದು. ನಮ್ಮ ಭಾಗದ ಕಬಡ್ಡಿ ಟೂರ್ನಿಗಳು ಬಹುಪಾಲು ತೂಕದ ಮೇಲೆ ನಡೆಯುತ್ತವೆ. ಇಷ್ಟು ಕಿಲೋ ಒಳಗಿದ್ದವರಿಗೆ ಮಾತ್ರ ಪ್ರವೇಶ. ಎಲ್ಲರಿಗೂ ಒಂದು ಮೆಟ್ಟಿಲು ಕೆಳಗಿನ ತೂಕದಲ್ಲಿ ಆಡುವ ಆಸೆ, ಏಕೆಂದರೆ ಅಲ್ಲಿ ತಾವೇ ಬಲಶಾಲಿಗಳು. ಹಾಗಾಗಿ ತೂಕ ಇಳಿಸುವುದು ಇಲ್ಲಿ ಒಂದು ವಿದ್ಯೆಯಾಗಿ ಬೆಳೆದಿದೆ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಮೈಗೆ ಸುತ್ತಿಕೊಂಡು ಬಿಸಿಲಿನಲ್ಲಿ ಓಡುತ್ತಾರೆ, ನೀರು ಬಿಡುತ್ತಾರೆ, ಹುಣಸೆಹಣ್ಣು ಚೀಪಿ ಉಗುಳುತ್ತಾ ಕೂರುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಇದಕ್ಕಿಂತ ವೇಗದ ದಾರಿಯೊಂದಿದೆ. ಬೆಲ್ಲದ ಗಾಣಕ್ಕೆ ಹೋಗಿ ಕುದಿಯುವ ಕೊಪ್ಪರಿಗೆಯ ಪಕ್ಕ ಕಂಬಳಿ ಹೊದ್ದು ಕೂರುವುದು. ಇದನ್ನು ಬೇರೆ ಸೀಮೆಯ ಆಟಗಾರರು ಮಾಡಲಾರರು, ಅವರಿಗೆ ಗಾಣವಿಲ್ಲ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ತಂಡದಲ್ಲಿ ಇಬ್ಬರಿದ್ದರು. ಸಿದ್ಧಾರ್ಥ ಯರಗಟ್ಟಿಯವನು, ಬೌದ್ಧ ಕುಟುಂಬದ ಹುಡುಗ. ತಂದೆಗೆ ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ. ಸುತ್ತಲಿನ ಊರುಗಳ ಕಬಡ್ಡಿ ತಂಡಗಳಿಗೆ ಬನಿಯನ್ನುಗಳನ್ನು ಹೊಲಿದು ಕೊಡುವವರು ಅವರೇ. ಸಿದ್ಧಾರ್ಥ ರೇಡರ್, ಅಂದರೆ ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು. ಮಾತು ಬಹಳ. ಮಲ್ಲೇಶ ಸಂಗೊಳ್ಳಿಯ ಒಕ್ಕಲು ಮನೆತನದವನು. ಮೂಲೆಯಲ್ಲಿ ನಿಂತು ಬಂದವನ ಪಾದ ಹಿಡಿಯುವುದು ಅವನ ಕೆಲಸ. ಮಾತು ಇಲ್ಲವೇ ಇಲ್ಲ. ಅಭ್ಯಾಸದಲ್ಲಿ ಮಲ್ಲೇಶನ ಕೈ ನೆಲಕ್ಕೆ ಬರುವ ಮೊದಲೇ ಸಿದ್ಧಾರ್ಥ ಹಾರಿ ದಾಟುತ್ತಿದ್ದ. ದಾಟಿ ನಿಂತು, "ಮಲ್ಲ್ಯಾ, ನನ್ನ ಕಾಲ ಸಿಗಬೇಕಂದ್ರ ನೀ ಚಪ್ಲಿ ಆಗಬೇಕೋ" ಎಂದು ಕೆಣಕುತ್ತಿದ್ದ. ಮಲ್ಲೇಶ ಕೈಗೆ ಮಣ್ಣು ಸವರಿಕೊಂಡು ಮತ್ತೆ ಮೂಲೆಗೆ ಹೋಗುತ್ತಿದ್ದ.

ಸವದತ್ತಿಯ ಟೂರ್ನಿಯೊಂದರಲ್ಲಿ ಇವರಿಬ್ಬರನ್ನೂ ವೃತ್ತಿಪರ ತಂಡವೊಂದರ ಕೋಚ್ ನೋಡಿ ಮೆಚ್ಚಿದ್ದರು. ಯುವ ತಂಡದ ಆಯ್ಕೆಗೆ ಧಾರವಾಡಕ್ಕೆ ಬರಲು ಹೇಳಿದರು. ಎಪ್ಪತ್ತೈದು ಕಿಲೋ ಒಳಗಿರಬೇಕು. ಆಯ್ಕೆಯಾದರೆ ಅಲ್ಲಿಂದಲೇ ಶಿಬಿರಕ್ಕೆ, ಕಾಲೇಜು ಅಲ್ಲಿಗೆ ಮುಗಿದಂತೆ. ಇಬ್ಬರೂ ಬಿ.ಎ. ಎರಡನೇ ವರ್ಷದಲ್ಲಿದ್ದರು. ಇಬ್ಬರ ಮನೆಯಲ್ಲೂ ಹೂಂ ಅಂದಿದ್ದರು.

ಆಯ್ಕೆಯ ಹಿಂದಿನ ದಿನ ಬೆಳಿಗ್ಗೆ ಅವರನ್ನು ಮಾರುಕಟ್ಟೆ ಪ್ರಾಂಗಣಕ್ಕೆ ಕರೆದೊಯ್ದೆ. ಕಾಲೇಜಿನ ತಕ್ಕಡಿಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ಕಡಲೆ, ಸೋಯಾ ಚೀಲ ತೂಗುವ ತಕ್ಕಡಿ ಸುಳ್ಳು ಹೇಳುವುದಿಲ್ಲ. ಹಮಾಲರಿಗೆ ಇದು ನಿತ್ಯದ ತಮಾಷೆ. ಹಿರಿಯ ಹಮಾಲನೊಬ್ಬ ಕೇಳಿದ, "ಏನ್ ತಮ್ಮಾ, ಇವತ್ತ ರೇಟ್ ಏನ್ ನಡದೈತಿ? ಯಾವ ದಲಾಲರ ಮಾಲ್ ನೀ?"

"ಇನ್ನೂ ಲಿಲಾವ್ ಕೂಗಿಲ್ರಿ ಕಾಕಾ. ಮಾಲ್ ಹಸಿ ಐತಿ, ಒಣಗಿಸಿಕೊಂಡ ಬರ್ರಿ ಅಂತಾರ" ಎಂದ ಸಿದ್ಧಾರ್ಥ. ಅವನ ಅಕ್ಕನ ಮದುವೆ ಆಗಷ್ಟೇ ಮುಗಿದಿತ್ತು. ಹೋಳಿಗೆಯ ಊಟ ಮೈಮೇಲಿತ್ತು. ತಕ್ಕಡಿ ಎರಡು ಕಿಲೋ ಹೆಚ್ಚು ತೋರಿಸಿತು. ಆಮೇಲೆ ಮಲ್ಲೇಶ ಹತ್ತಿದ. ಸಿದ್ಧಾರ್ಥ ಅಂಗಿ ಹಾಕಿಕೊಳ್ಳುತ್ತಾ ಹಮಾಲರ ಜೊತೆ ಮಾತಿನಲ್ಲಿದ್ದ. ಅಂಕಿ ನೋಡಿದವನು ನಾನು. ಎಪ್ಪತ್ತೈದಕ್ಕೆ ಕೂದಲೆಳೆಯಷ್ಟು ಕಡಿಮೆ. "ಒಳಗ ಅದೀ. ಹಗರಾಗಿ ಉಣ್ಣು, ಸಾಕು" ಎಂದು ಅವನಿಗಷ್ಟೇ ಕೇಳುವಂತೆ ಹೇಳಿದೆ. ಅವನು ತಲೆಯಾಡಿಸಿದ. ಸಿದ್ಧಾರ್ಥನಿಗೆ, ಸಂಜೆ ಸ್ವಲ್ಪ ಓಡು, ಇಳಿದರೆ ಇಳಿಯಿತು, ಇಲ್ಲದಿದ್ದರೆ ಕೋಚ್ ಜೊತೆ ನಾನು ಮಾತಾಡುತ್ತೇನೆ ಎಂದು ಹೇಳಿ ಮನೆಗೆ ಹೋದೆ.

ಮಧ್ಯಾಹ್ನ ಮಲ್ಲೇಶನ ಫೋನು ಬಂತು. "ಸರ, ಸಿದ್ದ್ಯಾ ನಮ್ಮೂರ ದಾರ್ಯಾಗಿನ ಗಾಣದಾಗ ಕುಂತಾನ. ಬಾಳೊತ್ತಾತು. ನಾ ಹೇಳಿದ್ರ ಕೇಳವಲ್ಲ. ನೀವು ಬರ್ರಿ."

ಸ್ಕೂಟರ್ ಹತ್ತಿ ಹೋದೆ. ಗಾಣದ ಮಾಲೀಕ ಬಾಳಪ್ಪ ಕಬಡ್ಡಿ ಹುಚ್ಚಿನ ಮನುಷ್ಯ. ಹುಡುಗರು ಹೀಗೆ ಬಂದು ಕೂರುವುದು ಅವನಿಗೆ ಹೊಸದಲ್ಲ. ನನ್ನನ್ನು ನೋಡಿ, "ಬರ್ರಿ ಸರ. ಬೆಲ್ಲದಕಿಂತ ಮೊದಲ ನಿಮ್ಮ ಹುಡುಗ ಪಾಕಕ್ಕ ಬಂದಾನ ನೋಡ್ರಿ" ಎಂದು ನಕ್ಕ.

ಕೊಪ್ಪರಿಗೆ ನೆಲಮಟ್ಟಕ್ಕಿಂತ ಮೊಣಕಾಲಷ್ಟು ಎತ್ತರವಿತ್ತು. ಅದರ ಸುತ್ತ ಮಣ್ಣಿನ ಕಟ್ಟೆ. ಸಿದ್ಧಾರ್ಥ ಆ ಕಟ್ಟೆಯ ಮೇಲೆ, ಹಬೆ ಬೀಸುವ ಬದಿಗೆ ಕುಳಿತಿದ್ದ. ಮೈಗೆ ಪ್ಲಾಸ್ಟಿಕ್, ಅದರ ಮೇಲೆ ಕಂಬಳಿ. ಮುಖ ಮಾತ್ರ ಕಾಣುತ್ತಿತ್ತು. ನನ್ನನ್ನು ಹೆದರಿಸಿದ್ದು ಆ ಮುಖ. ಅದರ ಮೇಲೆ ಬೆವರು ಇರಲಿಲ್ಲ. ಅಷ್ಟು ಹಬೆಯಲ್ಲಿ ಕುಳಿತವನ ಹಣೆ ಒಣಗಿತ್ತು. ಮೈಯಲ್ಲಿ ಹೊರಬರಲು ನೀರೇ ಉಳಿದಿರಲಿಲ್ಲ. ಮಲ್ಲೇಶ ಅವನ ಹಿಂದೆ, ಒಂದು ಮಾರು ದೂರದಲ್ಲಿ ಕಬ್ಬಿನ ಸಿಪ್ಪೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದ.

"ಸಿದ್ಧಾರ್ಥ, ಸಾಕು. ಮೆಲ್ಲಗ ಇಳಿ" ಎಂದೆ.

ಅವನು ನನಗೆ ಗೌರವ ತೋರಿಸಲು ಎದ್ದು ನಿಂತ. ಗುರುಗಳು ಬಂದರೆ ಏಳಬೇಕು ಎಂದು ಕಲಿಸಿದವರು ನಾವೇ. ಎದ್ದವನ ಕಣ್ಣು ಮೇಲಕ್ಕೆ ಹೋದವು, ಮೊಣಕಾಲು ಮಡಚಿದವು, ದೇಹ ಕೊಪ್ಪರಿಗೆಯ ಕಡೆಗೆ ವಾಲಿತು. ನಾನು ನಿಂತಿದ್ದ ಜಾಗದಿಂದ ಅವನು ಬಹಳ ದೂರ. ಕೂಗಲು ಬಾಯಿ ತೆರೆದೆ.

ಮಲ್ಲೇಶ ಕುಳಿತಲ್ಲಿಂದಲೇ ನೆಲಕ್ಕೆ ಹಾರಿದ. ಎದ್ದು ಓಡಲಿಲ್ಲ, ಎದ್ದಿದ್ದರೆ ತಡವಾಗುತ್ತಿತ್ತು. ಎರಡೂ ಕೈ ಚಾಚಿ ಸಿದ್ಧಾರ್ಥನ ಎರಡೂ ಪಾದ ಹಿಡಿದು, ಅಂಕಣದಲ್ಲಿ ಎಳೆಯುವಂತೆಯೇ ಪಕ್ಕಕ್ಕೆ ತಿರುಚಿ ಹಿಂದಕ್ಕೆ ಎಳೆದ. ಸಿದ್ಧಾರ್ಥನ ಮೊಣಕೈ ಕೊಪ್ಪರಿಗೆಯ ಕಾದ ಅಂಚಿಗೆ ಬಡಿಯಿತು. ದೇಹ ಕಟ್ಟೆಯಿಂದ ಈಚೆ ಬಂದು ಸಿಪ್ಪೆಯ ಮೇಲೆ ಬಿತ್ತು. ಕಂಬಳಿ ಮಾತ್ರ ಜಾರಿ ಒಳಗೆ ಹೋಯಿತು. ಹಳದಿ ನೊರೆ ಅದರ ಮೇಲೆ ಉಕ್ಕಿ ಬಂದು ನಿಧಾನವಾಗಿ ಮುಚ್ಚಿಕೊಂಡಿತು.

ನಾನು ದಿನವೂ ನೋಡುವುದು ಆ ಕಂಬಳಿಯನ್ನು. ಬೆಳಿಗ್ಗೆ ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತಾಗ, ಅದು ಮುಳುಗುತ್ತದೆ. ಕೆಲವೊಮ್ಮೆ ಅದರೊಳಗೆ ಅವನಿರುತ್ತಾನೆ. ನಮ್ಮ ವೈದ್ಯರು ಇದಕ್ಕೆ ಮಾತ್ರೆ ಕೊಟ್ಟಿದ್ದಾರೆ. ಈ ಕೆಲಸಕ್ಕೆ ಬರುವವರು ಇದನ್ನೂ ತಿಳಿದಿರಲಿ. ಏನೂ ಆಗದೆ ಉಳಿದ ಅಪಘಾತವೂ ಮನುಷ್ಯನೊಳಗೆ ಉಳಿದುಬಿಡುತ್ತದೆ.

ಆದರೆ ಅಪಾಯ ಅಲ್ಲಿಗೆ ಮುಗಿಯಲಿಲ್ಲ. ಸಿದ್ಧಾರ್ಥ ಕಣ್ಣು ತೆರೆದ. ಪ್ಲಾಸ್ಟಿಕ್ ಹರಿದು ತೆಗೆದು ನೆರಳಿಗೆ ಎಳೆದು ತಂದೆವು. ಮೈ ಒಲೆಯಂತೆ ಸುಡುತ್ತಿತ್ತು. ಬಾಳಪ್ಪ ತಂಬಿಗೆ ತುಂಬ ನೀರು ತಂದ. ನಾನು ತಲೆ ಎತ್ತಿ ಹಿಡಿದು ಬಾಯಿಗೆ ಇಟ್ಟೆ. ಅವನು ತುಟಿ ಬಿಗಿದ.

"ಕುಡಿಯೋ ಯಪ್ಪಾ" ಎಂದ ಬಾಳಪ್ಪ.

"ಬ್ಯಾಡ್ರಿ. ನಾಳಿ ತೂಕ ಐತ್ರಿ."

"ತೂಕ ಸುಡು. ಜೀವ ಐತೇನ್ ನೋಡ ಮೊದಲ."

ಸಿದ್ಧಾರ್ಥ ಮುಖ ತಿರುಗಿಸಿದ. ನಾನು ಬೈದೆ, ಬೇಡಿಕೊಂಡೆ, ಕೊನೆಗೆ ಮೂಗು ಹಿಡಿದು ಕುಡಿಸಲು ಹೋದೆ. ನೀರು ಕತ್ತಿನ ಮೇಲೆ ಹರಿದು ಹೋಯಿತು. ಹಲ್ಲು ಕಚ್ಚಿ ಹಿಡಿದಿದ್ದ. ಅವನ ಮನಸ್ಸಿನಲ್ಲಿದ್ದ ಲೆಕ್ಕ ನನಗೆ ಗೊತ್ತಿತ್ತು. ಇಷ್ಟೆಲ್ಲ ಬೆಂದು ಇಳಿಸಿದ್ದನ್ನು ಒಂದು ತಂಬಿಗೆ ನೀರು ಮರಳಿ ತರುತ್ತದೆ. ಅವನ ಪಾಲಿಗೆ ಆ ತಂಬಿಗೆಯಲ್ಲಿ ಧಾರವಾಡ, ಶಿಬಿರ, ಮುಂದಿನ ಬದುಕು ಎಲ್ಲವೂ ಮುಳುಗಿಹೋಗುವುದಿತ್ತು. ಅವನ ಮಾತು ತೊದಲತೊಡಗಿತ್ತು. ಬಾಳಪ್ಪ ಗಾಡಿ ತರಲು ಓಡಿದ.

ಆಗ ಮಲ್ಲೇಶ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡ. ನೆಲಕ್ಕೆ ಉಜ್ಜಿ ಅವನ ಮೊಣಕೈಗಳ ಚರ್ಮ ಸುಲಿದು ರಕ್ತ ಬರುತ್ತಿತ್ತು. ಸಿದ್ಧಾರ್ಥನ ಮುಖದ ಎದುರು ಕುಳಿತ.

"ಸಿದ್ದ್ಯಾ, ಇಲ್ಲೆ ನೋಡ. ನಂದೂ ಮ್ಯಾಲ ಐತಿ. ಮುಂಜಾನಿ ಸರ ನೋಡ್ಯಾರ. ಬೇಕಾದ್ರ ಕೇಳ."

ಸಿದ್ಧಾರ್ಥ ನನ್ನ ಕಡೆ ಕಣ್ಣು ಹೊರಳಿಸಿದ. ಮಲ್ಲೇಶನೂ ನನ್ನ ಕಡೆ ನೋಡಿದ. ನಾನು "ಹೌದು" ಎಂದೆ.

"ನಾಳಿ ಇಬ್ರೂ ಬ್ಯಾಡ. ಬಿಡ" ಎಂದು ಮಲ್ಲೇಶ ತಂಬಿಗೆ ಎತ್ತಿದ. ಬೆಳಗಿನಿಂದ ತಾನೂ ಗುಟುಕು ನೀರು ಮುಟ್ಟಿರಲಿಲ್ಲ. ಗಟಗಟನೆ ಕುಡಿದು ಮುಗಿಸಿದ, ಎದೆಯ ಮೇಲೆಲ್ಲ ನೀರು. ಕೊಡದಿಂದ ಇನ್ನೊಮ್ಮೆ ತುಂಬಿಕೊಂಡು ಅದನ್ನೂ ಕುಡಿದ. ಮೂರನೆಯದನ್ನು ತುಂಬಿ ಸಿದ್ಧಾರ್ಥನ ತುಟಿಗೆ ಹಿಡಿದ. ಸಿದ್ಧಾರ್ಥ ಅವನನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಬಾಯಿ ತೆರೆದ.

ನಾನು ಎಷ್ಟೋ ಪಂದ್ಯ ನೋಡಿದ್ದೇನೆ, ಕಪ್ಪುಗಳನ್ನು ಹೊತ್ತು ತಂದ ಹುಡುಗರ ಮೆರವಣಿಗೆಯಲ್ಲಿ ನಡೆದಿದ್ದೇನೆ. ಇದರಷ್ಟು ದೊಡ್ಡ ಆಟವನ್ನು ಬೇರೆಲ್ಲೂ ಕಂಡಿಲ್ಲ.

ತಾಲೂಕು ಆಸ್ಪತ್ರೆಯಲ್ಲಿ ಸಲೈನ್ ಏರಿಸಿದರು. ವೈದ್ಯರು ನನ್ನನ್ನು ಎಲ್ಲರೆದುರು ಗದರಿದರು, ಕೇಳಿಸಿಕೊಂಡೆ. ಸಿದ್ಧಾರ್ಥನ ತಾಯಿ ಯರಗಟ್ಟಿಯಿಂದ ಬಂದರು. ಮಗನ ಹಣೆ ಮುಟ್ಟಿ ನೋಡಿ ನನ್ನ ಬಳಿ ಬಂದು ಮೆಲುದನಿಯಲ್ಲಿ, "ಸರ, ಸಾಲಿ ಬಿಡಸಿ ಕಳಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಜೀವ ಬಿಡಸಿ ಕಳಸಬ್ಯಾಡ್ರಿ" ಎಂದರು. ಹೊಸಬರ ಆ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಹತ್ತಿರದ ಉತ್ತರ ಅದು.

ಕೋಚ್‌ಗೆ ಫೋನು ಮಾಡಿ, ಮಲ್ಲೇಶನ ಬೆಳಗಿನ ತೂಕವೊಂದನ್ನು ಬಿಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರೂ ಹಳೆಯ ಆಟಗಾರರು. "ನಿಯಮ ನನ್ನ ಕೈಯಾಗಿಲ್ರಿ. ಹುಡುಗ್ರಿಗೆ ಉಣ್ಣಾಕ ಹಾಕ್ರಿ" ಎಂದರು. ಆ ಎರಡು ತಂಬಿಗೆ ನೀರಿಗೆ ಮಲ್ಲೇಶನೂ ಎಪ್ಪತ್ತೈದು ದಾಟಿದ್ದ, ಇಬ್ಬರೂ ಧಾರವಾಡಕ್ಕೆ ಹೋಗಲಿಲ್ಲ.

ಮುಂದಿನ ವರ್ಷ ಸಿದ್ಧಾರ್ಥನಿಗೆ ಇನ್ನೊಂದು ತಂಡದಿಂದ, ಹಿರಿಯರ ವಿಭಾಗಕ್ಕೆ ಕರೆ ಬಂತು. ಅಲ್ಲಿ ಅವನ ತೂಕಕ್ಕೆ ತೊಂದರೆ ಇರಲಿಲ್ಲ. ಪದವಿಯ ಕೊನೆಯ ಪರೀಕ್ಷೆ ಬಿಟ್ಟು ಹೋದ. ನಾನು ತಡೆಯಲಿಲ್ಲ. ಈಗ ಟಿ.ವಿ.ಯಲ್ಲಿ ಅವನು ಅಂಕಣಕ್ಕೆ ನುಗ್ಗುವಾಗ ಯರಗಟ್ಟಿಯ ಹೊಲಿಗೆ ಅಂಗಡಿಯ ಮುಂದೆ ಜನ ಸೇರುತ್ತಾರಂತೆ. ಮೊಣಕೈಯ ಸುಟ್ಟ ಗುರುತು ನನಗೆ ಪರದೆಯಲ್ಲೂ ಕಾಣುತ್ತದೆ. ಮಲ್ಲೇಶನಿಗೆ ಮತ್ತೆ ಕರೆ ಬರಲಿಲ್ಲ. ಪಾದ ಹಿಡಿಯುವವರು ಎಲ್ಲ ಊರಲ್ಲೂ ಇದ್ದಾರೆ, ಯುವ ತಂಡದ ವಯಸ್ಸೂ ದಾಟಿತು. ಬಿ.ಎ. ಮುಗಿಸಿ, ಬಿ.ಪಿ.ಎಡ್. ಮಾಡಿ ಈಗ ರಾಮದುರ್ಗದ ಕಡೆಯ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದಾನೆ. ಅವನ ಮೈದಾನದಲ್ಲಿ ನೀರಿನ ಕೊಡ ತುಂಬಿದ ಮೇಲೆಯೇ ಆಟ ಆರಂಭ ಎಂದು ಅಲ್ಲಿನವರು ಹೇಳುತ್ತಾರೆ.

ಇದನ್ನು ಬರೆಯುವ ಮೊದಲು ಇಬ್ಬರನ್ನೂ ಕೇಳಬೇಕಿತ್ತು. ಮಲ್ಲೇಶನ ತೂಕದ ನಿಜ ಇಷ್ಟು ದಿನ ಅವನಿಗೂ ನನಗೂ ಮಾತ್ರ ಗೊತ್ತಿತ್ತು. ಫೋನು ಮಾಡಿದಾಗ ಅವನು, "ಬರೀರಿ ಸರ. ಆದ್ರ ಸಿದ್ದ್ಯಾಗ ಮೊದಲ ನೀವ ಹೇಳ್ರಿ. ನನ್ನ ಬಾಯಿಂದ ಬ್ಯಾಡ" ಎಂದ.

ಸಿದ್ಧಾರ್ಥ ಶಿಬಿರದಲ್ಲಿದ್ದ. ಹಿಂದೆ ಹುಡುಗರ ಗದ್ದಲ ಕೇಳಿಸುತ್ತಿತ್ತು. ಆ ದಿನ ಗಾಣದಲ್ಲಿ ನಾವಿಬ್ಬರೂ ನಿನಗೊಂದು ಸುಳ್ಳು ಹೇಳಿದ್ದೆವು ಎಂದೆ.

"ಮಲ್ಲ್ಯಾನ ತೂಕದ್ದೇನ್ರಿ ಸರ? ಗೊತ್ತೈತಿ."

"ಹೆಂಗ?"

"ಮುಂಜಾನಿ ಅಂಗಿ ಹಾಕ್ಕೊಂತ ನಿಮ್ಮ ಹೆಗಲ ಮ್ಯಾಲಿಂದ ನೋಡಿದ್ನಿ. ಅವ ಒಳಗ ಇದ್ದ."

ಸುಳ್ಳೆಂದು ಗೊತ್ತಿದ್ದೂ ಹಾಗಾದರೆ ನೀರು ಕುಡಿದದ್ದು ಯಾಕೆ ಎಂದು ಕೇಳಿದೆ.

ಅವನು ಗದ್ದಲದಿಂದ ಈಚೆ ನಡೆದು ಬಂದಿರಬೇಕು, ಧ್ವನಿ ಹತ್ತಿರವಾಯಿತು. "ಅವ ಎರಡ ತಂಬಿಗಿ ಕುಡದ ಕುಂತಿದ್ದ ಸರ. ಆಮ್ಯಾಲೂ ನಾ ಕುಡೀಲಿಲ್ಲಂದ್ರ ಅವ ಕುಡದದ್ದು ದಂಡ ಆಗ್ತಿತ್ತಲ್ರಿ."